ಫಲಕವಿಲ್ಲದ ಅಂಗಡಿಯಲ್ಲಿ ಅಜ್ಜಿಯ ಸತ್ಯವೇದಕ್ಕೆ ಹೊಸ ಬೆನ್ನು

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಪುಸ್ತಕ ಒಂದು: ನಮ್ಮ ಅಜ್ಜಿಯ ಸತ್ಯವೇದ, ಅಂದರೆ ಕನ್ನಡ ಬೈಬಲ್. ಕೊಟ್ಟ ಹಣ 850 ರೂಪಾಯಿ. ಹೇಳಿದ ಗಡುವು 8 ದಿನ, ತೆಗೆದುಕೊಂಡದ್ದು 31. ಹೊಲಿಗೆಗೆ ಹೆಸರಿಡುವಂತಿಲ್ಲ. ಅಂಚು ಕತ್ತರಿಸಬೇಡಿ ಎಂದು ಎರಡು ಸಲ ಹೇಳಿದ್ದೆ, ಕತ್ತರಿಸಿದ್ದಾರೆ. ಐದರಲ್ಲಿ ಎಷ್ಟು ನಕ್ಷತ್ರ ಕೊಡಬೇಕೆಂಬುದು ನನಗಿನ್ನೂ ತೀರ್ಮಾನವಾಗಿಲ್ಲ. ಬರೆಯುತ್ತಾ ಹೋದರೆ ಗೊತ್ತಾಗಬಹುದು.

ಅಂಗಡಿಗೆ ಫಲಕವಿಲ್ಲ, ಹಾಗಾಗಿ ಹೆಸರು ಹೇಳುವ ಪ್ರಶ್ನೆಯೂ ಇಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಸಾಡೆ ರಸ್ತೆಯ ಮಿಷನ್ ಆಸ್ಪತ್ರೆಯಿಂದ ಅಶೋಕ ರಸ್ತೆಯತ್ತ ನಡೆದು ಬರುವಾಗ ಸಿಗುವ ಅಡ್ಡರಸ್ತೆಗಳಲ್ಲೊಂದರಲ್ಲಿ ಇದೆ. ಎರಡು ಬಾಗಿಲುಗಳಲ್ಲಿ ಒಂದು ಸದಾ ಮುಚ್ಚಿರುತ್ತದೆ, ಇನ್ನೊಂದು ಅರ್ಧ ತೆರೆದಿರುತ್ತದೆ. ಒಳಗೆ ಇಬ್ಬರು ನಿಲ್ಲಬಹುದು. ಮೂರನೆಯವರು ಬಂದರೆ ಮೊದಲು ಬಂದವರು ಹೊರಗಿಳಿಯಬೇಕು. ಹಿಂದಿನ ದಿನ ಕುದಿಸಿದ ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದರೆ ಸರಿಯಾದ ಬೀದಿಗೆ ಬಂದಿದ್ದೀರಿ ಎಂದು ತಿಳಿಯಿರಿ.

ನನಗೆ ಈ ಅಂಗಡಿ ಗೊತ್ತಾದದ್ದು ಭಕ್ತಿಯಿಂದಲ್ಲ, ಉದ್ಯೋಗದಿಂದ. ನಾನು ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮಾರ್ಚ್ ಕಳೆದ ಮೇಲೆ ವೋಚರುಗಳ ಕಟ್ಟುಗಳನ್ನು ಆಟೋದಲ್ಲಿ ಹೇರಿಕೊಂಡು ಇಲ್ಲಿಗೆ ತರುವುದು ಮೂರು ವರ್ಷಗಳಿಂದ ನನ್ನ ಪಾಲಿನ ಕೆಲಸ. ಮಾಲೀಕರಿಗೆ ಎಪ್ಪತ್ತರ ಹತ್ತಿರ ಇರಬಹುದು. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಅವರ ತಂದೆ ಹಿಂದೆ ವೆಸ್ಲಿ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕಿದ್ದರಂತೆ. ನಾನು ಸತ್ಯವೇದವನ್ನು ಚೀಲದಿಂದ ಹೊರತೆಗೆದಾಗ ಚಾಚಾ ಕನ್ನಡಕ ಹಾಕಿಕೊಳ್ಳುವ ಮೊದಲೇ, ಬೆರಳಲ್ಲಿ ಬೆನ್ನನ್ನು ತಡವಿ, "ಇದನ್ನು ಯಾರೋ ಒಬ್ಬರು ಒಂದು ಸಲ ಕೆಡಿಸಿದ್ದಾರಮ್ಮ" ಎಂದರು. ನಿಜ. ಕೆಡಿಸಿದವರು ನಮ್ಮಪ್ಪ. ಫೆವಿಕಾಲ್ ಹಚ್ಚಿ, ಮೇಲೆ ಕಂದು ಬಣ್ಣದ ಟೇಪು ಸುತ್ತಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ್ದರು.

ಅಜ್ಜಿಗೆ ಆ ಪುಸ್ತಕ ಸಿಕ್ಕಿದ್ದು 1971ರಲ್ಲಿ, ಮದುವೆಯ ದಿನ, ಸಭೆಯ (ಚರ್ಚಿನ) ಕಾಣಿಕೆಯಾಗಿ. ಮದ್ದೂರಿನ ಕಡೆಯ ಹಳ್ಳಿಯಿಂದ ಬಂದವರು, ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಆ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಅಜ್ಜಿಯ ಮಾತು ಕೇಳಿದರೆ ಮಾತ್ರ ಅದು ಶುರುವಾದದ್ದು ಅವರು ಕೆಲಸಕ್ಕೆ ಸೇರಿದ ದಿನ. ಓದು ಐದನೆಯ ತರಗತಿಯವರೆಗೆ. ಆದರೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ದಿನಕ್ಕೊಂದು ಅಧ್ಯಾಯ. ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಮೂರು ವರ್ಷ ಮೂರು ತಿಂಗಳಾಗುತ್ತದೆ. 2019ರಲ್ಲಿ ತೀರಿಕೊಳ್ಳುವವರೆಗೆ ಅವರು ಎಷ್ಟು ಸುತ್ತು ಬಂದರೋ, ನೀವೇ ಭಾಗಿಸಿ ನೋಡಿ. ಆ ಕೈಗಳ ಒತ್ತಡ ತಡೆಯುವ ಬೆನ್ನು ಯಾವ ಅಚ್ಚುಕೂಟದಲ್ಲೂ ಆಗುವುದಿಲ್ಲ.

ಕಳೆದ ವರ್ಷ ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಆದಿಕಾಂಡದ ಮೊದಲ ಇಪ್ಪತ್ತು ಅಧ್ಯಾಯಗಳು ಅಪ್ಪನ ಕೈಗೇ ಬಂದವು. ಅತ್ತೆ ಫೋನಿನಲ್ಲಿ, "ಹೊಸದೊಂದು ತೆಗೆದುಕೊಳ್ಳಿ, ನಾಲ್ಕು ಕಾಸಿನ ಮಾತು" ಎಂದರು. ಅದೂ ನಿಜವೇ. ಭಾರತೀಯ ಸತ್ಯವೇದ ಸಂಘದವರ ಹೊಸ ಪ್ರತಿ ನಾನು ಬೈಂಡಿಂಗಿಗೆ ಕೊಟ್ಟ ಹಣಕ್ಕಿಂತ ಕಡಿಮೆಗೆ ಸಿಗುತ್ತದೆ. ನಮ್ಮಮ್ಮ ಏನೂ ಹೇಳದೆ ಆ ಹಾಳೆಗಳನ್ನು ಸಮನಾಗಿ ಕುಟ್ಟಿ ಒಳಗಿಟ್ಟರು. ಮರುದಿನ ನಾನು ಚೀಲ ಹಿಡಿದು ಹೊರಟೆ.

ಬೈಂಡಿಂಗಿನ ಬಗ್ಗೆ ಎರಡು ಮಾತು ಹೇಳದೆ ಈ ಅಂಗಡಿಯ ಬೆಲೆ ತಿಳಿಯುವುದಿಲ್ಲ. ಈಗಿನ ಬಹುಪಾಲು ಪುಸ್ತಕಗಳಿಗೆ ಹೊಲಿಗೆಯೇ ಇರುವುದಿಲ್ಲ; ಹಾಳೆಗಳ ಬೆನ್ನನ್ನು ಸವರಿ ಬಿಸಿ ಅಂಟು ಹಚ್ಚಿ ರಕ್ಷಾಪುಟ ಒತ್ತುತ್ತಾರೆ. ಎರಡು ಸಲ ಅಗಲಿಸಿ ಓದಿದರೆ ಹಾಳೆ ಉದುರುತ್ತದೆ. ನೆರೆಯ ಅಂಗಡಿಗಳಲ್ಲಿ ಇನ್ನೂ ಒಂದು ಉಪಾಯವಿದೆ: ಬೆನ್ನಿನಿಂದ ಒಂದು ಬೆರಳು ಒಳಗೆ ರಂಧ್ರ ಕೊರೆದು ದಾರ ಬಿಗಿಯುವುದು. ನಮ್ಮ ವೋಚರುಗಳಿಗೆ ಅದೇ ಸಾಕು. ಸತ್ಯವೇದಕ್ಕೆ ಹಾಗೆ ಮಾಡಿದರೆ ಒಳ ಅಂಚಿನ ಅಕ್ಷರಗಳೆಲ್ಲ ಹೊಲಿಗೆಯೊಳಗೆ ಮುಳುಗಿಹೋಗುತ್ತವೆ. ಚಾಚಾ ಮಾಡುವುದು ಜುಜ್ ಹೊಲಿಗೆ. ಅಚ್ಚಾದ ದೊಡ್ಡ ಹಾಳೆ ಮಡಿಚಿಕೊಂಡು ಒಂದು ಕಂತೆಯಾಗುತ್ತದಲ್ಲ, ಅದು ಒಂದು ಜುಜ್. ಪ್ರತಿ ಕಂತೆಯ ನಡುಮಡಿಕೆಯಲ್ಲಿ ಸೂಜಿ ಹಾಯಿಸಿ, ಕೊನೆಯಲ್ಲಿ ಕೆಳಗಿನ ಕಂತೆಗೆ ಕೊಂಡಿ ಹಾಕಿ, ಮುಂದಿನದನ್ನು ಅದರ ಮೇಲೇರಿಸುತ್ತಾರೆ. ಪುಸ್ತಕ ಮೇಜಿನ ಮೇಲೆ ಚಪಾತಿಯಂತೆ ಅಗಲವಾಗಿ ಕೂರುತ್ತದೆ.

ನಮ್ಮದಕ್ಕೆ 32 ಪುಟಗಳ 42 ಕಂತೆಗಳಿದ್ದವು. "ನಮ್ಮಲ್ಲಿ ಕುರಾನಿಗೆ ಮೂವತ್ತು ಜುಜ್, ನಿಮ್ಮದು ನಲವತ್ತೆರಡು" ಎಂದರು ಚಾಚಾ. ನಾನು, "ಇಲ್ಲ ಚಾಚಾ, ನಮ್ಮದರಲ್ಲಿ ಅರವತ್ತಾರು ಪುಸ್ತಕಗಳಿವೆ" ಎಂದೆ. "ಇರಲಿ, ಅದು ನಿಮ್ಮ ಪಾದ್ರಿಗಳ ಲೆಕ್ಕ. ನನ್ನದು ದಾರದ ಲೆಕ್ಕ" ಎಂದು ಅಪ್ಪನ ಟೇಪನ್ನು ಬಿಚ್ಚತೊಡಗಿದರು. ಒದ್ದೆ ಬಟ್ಟೆಯನ್ನು ಬೆನ್ನಿನ ಮೇಲೆ ಹಾಕಿ, ಹತ್ತು ನಿಮಿಷ ಬಿಟ್ಟು, ಮೊಂಡು ಚಾಕುವಿನಲ್ಲಿ ಅಂಟನ್ನು ಕೆರೆದರು. ಹಳೆಯ ಅಂಟು ಬೆಲ್ಲದ ಪಾಕದಂತೆ ಎದ್ದು ಬಂತು. ಫೆವಿಕಾಲ್ ಬರಲಿಲ್ಲ. ಅದಕ್ಕೆ ಅವರು ಬಯ್ದದ್ದನ್ನು ಅಪ್ಪನಿಗೆ ನಾನು ಹೇಳಿಲ್ಲ.

ಒಂದು ವಾರ ಬಿಟ್ಟು ಫೋನು ಬಂತು. ಪುಸ್ತಕ ಸಿದ್ಧವಾಯಿತೆಂದು ಹೋದರೆ, ಕಂತೆಗಳನ್ನು ಒಂದರ ಮೇಲೊಂದು ಪೇರಿಸಿ, "ಹೊಲಿಯುವ ಮೊದಲು ಕ್ರಮ ಸರಿ ಇದೆಯೇ ಎಂದು ನೀವೇ ಒಮ್ಮೆ ನೋಡಿ ಕೊಡಿ. ಹುಡುಗನಿಗೆ ಕನ್ನಡದ ಅಂಕಿ ಓದಲು ಬರುವುದಿಲ್ಲ" ಎಂದರು. ಗ್ರಾಹಕರಿಂದ ಕೆಲಸ ಮಾಡಿಸಿಕೊಳ್ಳುವ ಅಂಗಡಿ ಎಂದು ಬೇಕಾದರೆ ಬರೆದುಕೊಳ್ಳಿ. ಶನಿವಾರದ ಮಧ್ಯಾಹ್ನ, ಕಾಲು ಅಲುಗುವ ಸ್ಟೂಲಿನ ಮೇಲೆ ಕುಳಿತು 1,344 ಪುಟಗಳನ್ನು ಎಣಿಸಿದೆ. ಅಂಥ ಕೆಲಸ ನನಗೆ ಬೇಸರ ತರಿಸುವುದಿಲ್ಲ, ಅದೇ ನನ್ನ ಸಂಬಳ.

ಅಜ್ಜಿ ಪುಸ್ತಕದ ಹೊರ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಯಾವ ಭಾನುವಾರ ಯಾವ ಅಯ್ಯನವರು ಯಾವ ವಾಕ್ಯದ ಮೇಲೆ ಮಾತನಾಡಿದರು ಎಂಬ ಪಟ್ಟಿ ಅದು. ಕೆಲವರ ಹೆಸರಿನ ಮುಂದೆ "ಉದ್ದ" ಎಂದು ಬರೆದಿದ್ದಾರೆ. ಆದರೆ ಬಿಚ್ಚಿದ ಕಂತೆಗಳಲ್ಲಿ ನಾನು ಇನ್ನೊಂದನ್ನು ಕಂಡೆ. ಒಳ ಅಂಚಿನಲ್ಲಿ, ಬಿಗಿದ ಬೆನ್ನಿನಿಂದಾಗಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಸಂದಿಯಲ್ಲಿ, ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು "ರ", ಪಕ್ಕದಲ್ಲಿ ಒಂದು ದಿನಾಂಕ. 40ನೆಯ ಕೀರ್ತನೆಯ ಹತ್ತಿರ, ಕೆಸರಿನ ಗುಂಡಿಯಿಂದ ಎತ್ತಿ ಬಂಡೆಯ ಮೇಲೆ ನಿಲ್ಲಿಸಿದ ಮಾತಿನ ಎದುರು: ರ 4.11.78. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಕಳೆದುಹೋದ ನಾಣ್ಯಕ್ಕಾಗಿ ಹೆಂಗಸು ದೀಪ ಹಚ್ಚಿ ಮನೆ ಗುಡಿಸುವ ಕಡೆ: ರ 9.2.85. ತಪ್ಪಿಹೋದ ಮಗನ ಕಥೆಯ ಎದುರಲ್ಲ, ನಾಣ್ಯದ ಎದುರು. 119ನೆಯ ಕೀರ್ತನೆಯಲ್ಲಿಯೇ ಐದು ಇವೆ. 176 ವಚನಗಳ ಆ ಕೀರ್ತನೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಶಿಕ್ಷೆಯೆಂದೇ ಭಾವಿಸಿದ್ದೆವು. ಇಬ್ರಿಯ (ಹೀಬ್ರೂ) ಅಕ್ಷರಮಾಲೆಯ 22 ಅಕ್ಷರಗಳಿಗೆ ತಲಾ ಎಂಟು ವಚನಗಳಂತೆ ಕಟ್ಟಿದ ಕೀರ್ತನೆ ಅದೆಂದು ಸಂಡೇ ಸ್ಕೂಲಿನಲ್ಲಿ ಯಾರಾದರೂ ಹೇಳಿದ್ದರೆ ಸ್ವಲ್ಪ ಆಸಕ್ತಿಯಾದರೂ ಹುಟ್ಟುತ್ತಿತ್ತು. ಒಟ್ಟು ಎಣಿಸಿದೆ: 23 "ರ"ಗಳು.

ಈ "ರ" ನನ್ನನ್ನು ಅಷ್ಟು ಹಿಡಿದು ನಿಲ್ಲಿಸಿದ್ದೇಕೆಂದು ಹೇಳಬೇಕಾದರೆ ನನ್ನದೇ ಒಂದು ಮುಜುಗರವನ್ನು ಹೇಳಬೇಕು.

ಕಾಲೇಜಿನ ದಿನಗಳಲ್ಲಿ ಗೆಳತಿಯೊಬ್ಬಳ ಜೊತೆ ಒಂದು ಯೌವನಸ್ಥರ ಕೂಟಕ್ಕೆ ಎರಡು ವರ್ಷ ಹೋಗುತ್ತಿದ್ದೆ. ಬಾಡಿಗೆಯ ಸಭಾಂಗಣ, ಡ್ರಮ್ಸ್, ಕೀಬೋರ್ಡ್, ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುವ ಕನ್ನಡದ ಹಾಡುಗಳು. ಅಲ್ಲಿನವರ ಬಗ್ಗೆ ಹಗುರವಾಗಿ ಮಾತನಾಡಲು ನನಗೆ ಇಷ್ಟವಿಲ್ಲ. ಪುಸ್ತಕ ನೋಡದೆ, ನನ್ನದೇ ಮಾತಿನಲ್ಲಿ ಪ್ರಾರ್ಥಿಸುವುದನ್ನು ಕಲಿತದ್ದು ಅಲ್ಲಿ. ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದಾಗ ನಮ್ಮ ಸಭೆಯವರಿಗಿಂತ ಮೊದಲು ಆಸ್ಪತ್ರೆಗೆ ಬಂದು, ರಾತ್ರಿಯಿಡೀ ಕುಳಿತವರೂ ಅವರೇ. ಆದರೆ ಒಂದು ಸಂಜೆ ವೃತ್ತಾಕಾರದಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ತಮ್ಮ ರಕ್ಷಣೆಯ ದಿನಾಂಕ, ಅಂದರೆ ತಾವಾಗಿಯೇ ಯೇಸುವನ್ನು ನಂಬಿ ಮನಸ್ಸು ತಿರುಗಿದ ದಿನ, ಹೇಳಬೇಕೆಂದರು. ಎಲ್ಲರ ಬಳಿಯೂ ಇತ್ತು. ಯಾವುದೋ ಬೇಸಿಗೆ ಶಿಬಿರ, ಯಾವುದೋ ಉಪವಾಸ ಕೂಟದ ಮೂರನೆಯ ದಿನ, ಒಬ್ಬನಿಗೆ ಬೆಂಗಳೂರಿನ ಬಸ್ಸಿನಲ್ಲಿ ರಾಮನಗರ ದಾಟಿದ ಮೇಲೆ. ನನ್ನ ಸರದಿ ಬಂದಾಗ "16 ಡಿಸೆಂಬರ್ 2001" ಎಂದೆ. ಮುನ್ನಡೆಸುತ್ತಿದ್ದವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ನಕ್ಕು, "ಅದು ನಿನ್ನ ದೀಕ್ಷಾಸ್ನಾನದ ದಿನವಲ್ಲವೇ ತಂಗಿ? ಅದು ಅಪ್ಪ ಅಮ್ಮನ ನಿರ್ಧಾರ. ನಿನ್ನದು ಯಾವಾಗ?" ಎಂದರು. ಮೆಲ್ಲಗೆ, ಪ್ರೀತಿಯಿಂದಲೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ತಾರೀಖಿಲ್ಲದ ವೋಚರಿನಂತೆ ಕುಳಿತಿದ್ದೆ.

ದಿನಾಂಕ ಕೇಳುವುದು ತಪ್ಪೆಂದು ಹೇಳುವ ಹಕ್ಕು ನಮ್ಮ ಸಭೆಯವರಿಗಂತೂ ಇಲ್ಲ. ಮೈಸೂರಿನಲ್ಲಿ ನಮ್ಮವರ ಸಭೆಗಳನ್ನು ಕಟ್ಟಿದವರು ವೆಸ್ಲಿಯನ್ ಮಿಷನ್ನಿನವರು. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆಗುವವರೆಗೆ ನಾವು ವೆಸ್ಲಿಯವರ ಮಕ್ಕಳೇ. ಆ ಮಿಷನ್ನಿನ ಮೂಲಪುರುಷ, ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯವರ ಬಳಿ ದಿನಾಂಕವಷ್ಟೇ ಅಲ್ಲ, ಗಡಿಯಾರದ ಹೊತ್ತೂ ಇತ್ತು: 1738ರ ಮೇ 24, ರಾತ್ರಿ ಒಂಬತ್ತಕ್ಕೆ ಸುಮಾರು ಕಾಲು ಗಂಟೆ ಇರುವಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ. ಸತ್ಯವೇದದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ವೆಸ್ಲಿಯವರ ಎದೆ ಬೆಚ್ಚಗಾಯಿತು. ನನಗೆ ಸಮಾಧಾನ ಕೊಡುವ ಸಂಗತಿ ಎಂದರೆ ಆ ಹೊತ್ತಿಗೆ ಅವರು ಪಾದ್ರಿಯಾಗಿ ಸುಮಾರು ಹತ್ತು ವರ್ಷ ಕಳೆದಿತ್ತು. ಬೆಚ್ಚಗಾಗದ ಎದೆಯಿಂದಲೇ ಹತ್ತು ವರ್ಷ ಕರ್ತನ ಭೋಜನ ಹಂಚಿದ್ದರು.

ಮುಂದೆ ಪೌಲನೆನಿಸಿದ ಸೌಲನಿಗೆ ಒಮ್ಮೆಲೇ ಮನಸ್ಸು ತಿರುಗಿದ ದಮಸ್ಕದ ದಾರಿ ಇದೆ, ಕ್ರೈಸ್ತರಲ್ಲಿ ಎಲ್ಲರೂ ಅದನ್ನೇ ಎತ್ತಿ ಹೇಳುತ್ತಾರೆ. ಯೇಸುವಿನ ಶಿಷ್ಯ ಪೇತ್ರನ ರಕ್ಷಣೆ ಯಾವ ದಿನ ಆಯಿತು? ಬಲೆ ಬಿಟ್ಟ ದಿನವೇ, ನೀರಿನ ಮೇಲೆ ಮುಳುಗುವಾಗ ಕೈ ಸಿಕ್ಕ ದಿನವೇ, ಕೋಳಿ ಕೂಗಿ ಅತ್ತ ಬೆಳಗೇ, ಕೆರೆದಡದಲ್ಲಿ ಸುಟ್ಟ ಮೀನು ತಿಂದಾಗಲೇ? ಲೆಕ್ಕ ತೆಗೆಯುವವಳಾಗಿ ಹೇಳುತ್ತೇನೆ, ಅವನ ಖಾತೆಯಲ್ಲಿ ನಾಲ್ಕೈದು ನಮೂದುಗಳಿವೆ. ಪೌಲನ ಜೊತೆಗಾರ ತಿಮೊಥೆಯನಿಗಂತೂ ಒಂದೂ ಇಲ್ಲ. ಅವನ ನಂಬಿಕೆ ಮೊದಲು ಅಜ್ಜಿಯಲ್ಲಿತ್ತು, ಆಮೇಲೆ ತಾಯಿಯಲ್ಲಿತ್ತು ಎಂದು ಪೌಲನು ಬರೆದು ಮುಂದಕ್ಕೆ ಹೋಗುತ್ತಾನೆ.

ಹಾಗಾಗಿ ಆ ಸ್ಟೂಲಿನ ಮೇಲೆ ಕುಳಿತು, ಅಂಟಿನ ವಾಸನೆಯ ನಡುವೆ, ನನಗೆ ಅನಿಸಿದ್ದು ಇದು: ಅಜ್ಜಿಯ "ರ" ಎಂದರೆ ರಕ್ಷಣೆ. ನನ್ನ ಬಳಿ ಒಂದೂ ಇಲ್ಲದ ದಿನಾಂಕ ಅವರ ಬಳಿ 23 ಇದ್ದವು. ಒಂದು ಸಲ ಆಗಿ ಮುಗಿದದ್ದಲ್ಲ, ಬೇಕಾದಾಗಲೆಲ್ಲ ಆದದ್ದು. ಕಣ್ಣು ಒದ್ದೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಚಾಚಾ ನೋಡಿ, "ಮೈಲುತುತ್ತದ ಘಾಟು" ಎಂದು ಫ್ಯಾನ್ ಹಾಕಿದರು. ಹುಳ ಹಿಡಿಯದಿರಲೆಂದು ಅವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಅದಕ್ಕೆ ಘಾಟು ಇಲ್ಲ, ಅದು ಅವರಿಗೂ ಗೊತ್ತು.

ಮನೆಗೆ ಬಂದು ಹೇಳಿದರೆ ಅಪ್ಪ, "ರಕ್ಷಣೆಯೂ ಇಲ್ಲ, ಏನೂ ಇಲ್ಲ. ಅದು ರಜೆ. ಆಸ್ಪತ್ರೆಯಲ್ಲಿ ವಾರದ ರಜೆ ಬದಲಾಗುತ್ತಿತ್ತು. ರಜೆಯ ದಿನ ಓದಿದ ಜಾಗಕ್ಕೆ ಗುರುತು ಹಾಕಿದ್ದಾರೆ" ಎಂದರು. ಅತ್ತೆ ಇನ್ನೂ ಮುಂದೆ ಹೋಗಿ ಅದು ರಾಗಿ ತಂದ ದಿನ ಎಂದರು. ಅಜ್ಜಿ ಹಾಲಿನ ಲೆಕ್ಕವನ್ನೂ ಸತ್ಯವೇದದ ಕೊನೆಯ ಭಾಗವಾದ ಪ್ರಕಟನೆಯ ಕೊನೆಯ ಖಾಲಿ ಪುಟದಲ್ಲಿ ಬರೆದಿದ್ದರಂತೆ. ನಾನು ಸುಮ್ಮನಿರಲಾಗದೆ 23 ದಿನಾಂಕಗಳನ್ನೂ ಮೊಬೈಲಿನ ಕ್ಯಾಲೆಂಡರಿನಲ್ಲಿ ನೋಡಿದೆ. ಮೂರು ಮಾತ್ರ ಭಾನುವಾರ, ಉಳಿದವು ವಾರದ ಎಲ್ಲ ದಿನಗಳಿಗೂ ಹರಡಿವೆ. ರಜೆಯೂ ಇರಬಹುದು, ರಾಗಿಯೂ ಇರಬಹುದು. ಒಂದೇ ಒಂದು ದಿನಾಂಕಕ್ಕೆ ಬೇರೆ ದಾಖಲೆ ಸಿಕ್ಕಿತು, ಅದೂ ಈ ಅಂಗಡಿಯಿಂದಲೇ.

ಇದನ್ನು ಚಾಚಾ ಕೆಲಸದ ಅತ್ಯುತ್ತಮ ಭಾಗವೆಂದು ಬರೆಯಬೇಕು. ಪುಸ್ತಕ ಬಿಚ್ಚುವಾಗ ಪುಟಗಳ ನಡುವೆ ಸಿಕ್ಕಿದ್ದನ್ನೆಲ್ಲ ಅವರು ಹಳೆಯ ಮದುವೆ ಕರೆಯೋಲೆಯ ಲಕೋಟೆಯೊಂದರಲ್ಲಿ ಹಾಕಿಟ್ಟಿದ್ದರು. ಗರಿಗಳ ಭಾನುವಾರ ಮಡಿಚಿ ಮಾಡಿದ ಒಣ ಶಿಲುಬೆ, ಎರಡು ರೂಪಾಯಿಯ ನೋಟು, ತುಕ್ಕು ಹಿಡಿದ ಹೇರ್‌ಪಿನ್, ಯಾರದೋ ಸಮಾಧಿ ಆರಾಧನೆಯ ಕಾರ್ಡು, ಸಕ್ಕರೆಯ ರೇಷನ್ ಚೀಟಿ, ಆಸ್ಪತ್ರೆಯ ಚೀಟಿ. ಬರೀ ಹಾಕಿಟ್ಟಿದ್ದಲ್ಲ. ಒಂದೊಂದನ್ನೂ ಬೀಡಿ ಕಟ್ಟಿನ ಕಾಗದದ ತುಂಡಿನಲ್ಲಿ ಸುತ್ತಿ, ಅದರ ಮೇಲೆ ಸಿಕ್ಕ ಪುಟದ ಸಂಖ್ಯೆ ಬರೆದಿದ್ದರು, ತಿರುಗಿ ಅಲ್ಲಿಗೇ ಸೇರಲೆಂದು. ಹೇರ್‌ಪಿನ್ನನ್ನೂ ಬಿಟ್ಟಿರಲಿಲ್ಲ. ನಮ್ಮ ಕಚೇರಿಯಲ್ಲಿ ಬಿ.ಕಾಂ. ಮಾಡಿದ ನಾಲ್ವರಿದ್ದೇವೆ, ಇಷ್ಟು ಅಚ್ಚುಕಟ್ಟಾಗಿ ಒಂದು ದಾಖಲೆ ಇಟ್ಟವರು ಯಾರೂ ಇಲ್ಲ. ಆಸ್ಪತ್ರೆಯ ಚೀಟಿ ಅತ್ತೆಯದು, ಟೈಫಾಯಿಡ್ ಆಗಿ ಮನೆಗೆ ಕಳುಹಿಸಿದ ದಿನದ್ದು: 23.6.92. ಚೀಟಿ ಸಿಕ್ಕಿದ್ದು 119ನೆಯ ಕೀರ್ತನೆಯ ನಡುವೆ. ಅದೇ ಪುಟದ ಒಳ ಅಂಚಿನಲ್ಲಿ: ರ 23.6.92. ಅತ್ತೆಗೆ ಫೋಟೋ ಕಳುಹಿಸಿದೆ. ಅವರು ರಾಗಿಯ ಮಾತು ಮತ್ತೆ ಎತ್ತಿಲ್ಲ. ಅಪ್ಪ ಮಾತ್ರ, "ಆ ದಿನ ರಜೆ ಹಾಕಿರುತ್ತಾರೆ, ಮತ್ತೇನು" ಎಂದರು.

ಎಂಟು ದಿನದ ಕೆಲಸಕ್ಕೆ 31 ದಿನ ತೆಗೆದುಕೊಂಡದ್ದರ ಬಗ್ಗೆ. ಮೊದಲು ದಾರ ಮುಗಿದಿತ್ತು. ಆಮೇಲೆ ಶಾಲೆಗಳ ಹಾಜರಿ ಪುಸ್ತಕಗಳ ಕೆಲಸ ಬಂತು. ಆಮೇಲೆ ಹುಡುಗ ಊರಿಗೆ ಹೋದ. ಪ್ರತಿ ಸಲವೂ "ನಾಳಿದ್ದು ಖಂಡಿತ". ಅಷ್ಟು ದಿನ ನಮ್ಮ ಮನೆಯ ಸಂಜೆಯ ಪ್ರಾರ್ಥನೆ ಮೊಬೈಲಿನಲ್ಲಿ ನಡೆಯಿತು. ಓದಲೇನೋ ಬರುತ್ತದೆ, ಕತ್ತಲಲ್ಲೂ ಕಾಣುತ್ತದೆ, ಹುಡುಕಿದ ವಚನ ಕೂಡಲೇ ಸಿಗುತ್ತದೆ. ಆದರೆ ಅಪ್ಪ 23ನೆಯ ಕೀರ್ತನೆ ಓದುತ್ತಿದ್ದಾಗ, ಮರಣದ ಕಣಿವೆಯ ನಡುವೆ, ಗ್ಯಾಸ್ ಸಿಲಿಂಡರ್ ಬುಕ್ಕಾದ ಸಂದೇಶ ಇಳಿಯಿತು. ಅಮ್ಮ "ಸ್ತೋತ್ರ" ಎಂದರು. ಎರಡು ವಾರದ ನಂತರ ಅಪ್ಪ ಮೊಬೈಲನ್ನು ಪಕ್ಕಕ್ಕಿಟ್ಟು ಬಾಯಿಪಾಠದಿಂದಲೇ ಹೇಳತೊಡಗಿದರು. ನಡುವೆ ವಚನ ಹಾರಿಸುತ್ತಿದ್ದರು, ಒಂದು ಕೀರ್ತನೆಯಿಂದ ಇನ್ನೊಂದಕ್ಕೆ ಜಾರುತ್ತಿದ್ದರು. ಅಮ್ಮ ತಿದ್ದುತ್ತಿದ್ದರು. ಅಪ್ಪನಿಗೆ ಇಷ್ಟು ಬಾಯಿಪಾಠವಿದೆಯೆಂದು ನನಗೆ ಆವರೆಗೆ ತಿಳಿದೇ ಇರಲಿಲ್ಲ. ಆದರೂ ಇದನ್ನು ಅಂಗಡಿಯ ಉಪಕಾರವೆಂದು ಜಮೆ ಮಾಡುವುದಿಲ್ಲ; ತಡ ಎಂದರೆ ತಡವೇ.

ಬೆನ್ನಿನ ಮೇಲಿನ ಚಿನ್ನದ ಅಕ್ಷರಗಳದ್ದು ಬೇರೆಯೇ ಕಥೆ. ಚಾಚಾರ ಬಳಿ ಸೀಸದ ಅಚ್ಚುಮೊಳೆಗಳಿವೆ. ಬಿಸಿ ಮಾಡಿ, ಹೊಳೆಯುವ ಹಾಳೆಯನ್ನು ನಡುವೆ ಇಟ್ಟು ಒತ್ತುತ್ತಾರೆ. ಇಂಗ್ಲಿಷಿನಲ್ಲಿ ಹೋಲಿ ಬೈಬಲ್ ಎಂಬುದು ಇಡಿಯಾಗಿ ಒಂದೇ ಅಚ್ಚಿನಲ್ಲಿ ಸಿದ್ಧವಿದೆ. ಕನ್ನಡದಲ್ಲಿ "ಸತ್ಯವೇದ" ಬೇಕೆಂದಾಗ ಡಬ್ಬಿಯನ್ನು ಪೂರ್ತಿ ಸುರುವಿ ಹುಡುಕಿದರು. ಸ, ತ, ವೇ, ದ ಸಿಕ್ಕವು. ಯ ಒತ್ತು ಇಲ್ಲ! "ಸತವೇದ ಎಂದು ಹಾಕಲೇ? ಓದುವವರಿಗೆ ಅರ್ಥವಾಗುತ್ತದೆ" ಎಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. ಆಮೇಲೆ ಎಷ್ಟು ಜನ ಕುಳಿತು ತಿದ್ದಿದರು, ಒಂದೊಂದು ಪದಕ್ಕೂ ಎಷ್ಟು ಜಗಳವಾಡಿದರು. ಅಷ್ಟೆಲ್ಲ ಆಗಿ ಈಗ ಒಂದು ಒತ್ತಕ್ಷರಕ್ಕಾಗಿ ಸತ್ಯವನ್ನು ಬಿಡುವುದೇ? ಬೇಡವೆಂದೆ. ಬೆನ್ನು ಖಾಲಿಯಾಗಿಯೇ ಇದೆ. ಕಪಾಟಿನಲ್ಲಿ ನೋಡಿದವರು ನಮ್ಮ ಕಚೇರಿಯ ಲೆಡ್ಜರ್ ಎಂದುಕೊಳ್ಳುತ್ತಾರೆ.

ಲೆಡ್ಜರ್ ಎಂದ ಮೇಲೆ, ಆರಾಧನೆಗೆ ಕುಳಿತಾಗಲೆಲ್ಲ ನನ್ನ ತಲೆಯಲ್ಲಿ ಸುಳಿಯುವ ಒಂದು ವಿಚಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ಕೃಪೆಯನ್ನು ಸಾಲ ಮನ್ನಾಕ್ಕೆ ಹೋಲಿಸಿ ಮಾತನಾಡದ ಬೋಧಕರಿಲ್ಲ, ಅದರಲ್ಲೂ ಮಂಡ್ಯದ ಕಡೆಯ ಸಭೆಗಳಲ್ಲಿ. ಸಾಲ ತೀರಿತು, ಹಗುರವಾದೆವು, ಹಲ್ಲೆಲೂಯ. ಸರಿ. ಆದರೆ ಮನ್ನಾ ಮಾಡಿದ ಸಾಲ ಗಾಳಿಯಲ್ಲಿ ಕರಗುವುದಿಲ್ಲ. ಕೊಟ್ಟವರ ಪುಸ್ತಕದಲ್ಲಿ ಅದನ್ನು ನಷ್ಟವೆಂದು ಬರೆಯಲೇಬೇಕು, ಬರೆಯದಿದ್ದರೆ ನಾವು ಸಹಿ ಹಾಕುವುದಿಲ್ಲ. ಶುಭ ಶುಕ್ರವಾರ (ಗುಡ್ ಫ್ರೈಡೇ) ಮೂರು ಗಂಟೆಯ ಹೊತ್ತಿಗೆ, ಹನ್ನೆರಡರಿಂದ ಆರಾಧನೆಗೆ ಕುಳಿತು ಬೆನ್ನು ನೋಯುತ್ತಿರುವಾಗ, ನನಗೆ ಕಾಣುವುದು ಆ ನಮೂದು. ನನ್ನ ದಿನಾಂಕ ನನಗೆ ಗೊತ್ತಿಲ್ಲ, ನಿಜ, ಅಲ್ಲಿ ಬರೆದಾಗಿದೆ.

ನಾನು ಈಗ ಅಜ್ಜಿಯ ಸಭೆಗೇ ಹೋಗುತ್ತೇನೆ. ವಾದದಲ್ಲಿ ಸೋತೋ ಗೆದ್ದೋ ಅಲ್ಲ. ಆ ಸಭಾಂಗಣದಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಇಲ್ಲಿ ನನ್ನದೂ ಕೇಳಿಸುತ್ತದೆ, ಪ್ರತಿ ಹಾಡಿನಲ್ಲೂ ಅರ್ಧ ಸಾಲು ಹಿಂದೆ ಬರುವ ಹಿಂದಿನ ಬೆಂಚಿನ ಮಾವನದೂ ಕೇಳಿಸುತ್ತದೆ. ಹಾರ್ಮೋನಿಯಂ ಮುಗಿದ ಮೇಲೂ ಅವರು ಒಂದು ಗಳಿಗೆ ಒಬ್ಬರೇ ಹಾಡುತ್ತಿರುತ್ತಾರೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಅದೇ ಮಾವ ನಮ್ಮಮ್ಮನ ಎದುರು ಸವಾಲು ಏರಿಸಿ, ಮಾರುಕಟ್ಟೆಯ ಬೆಲೆಗೆ ಐದು ಪಟ್ಟು ಕೊಟ್ಟು ಕುಂಬಳಕಾಯಿ ಗೆದ್ದು, ಸಂಜೆ ಅದರಲ್ಲಿ ಅರ್ಧ ನಮ್ಮ ಮನೆಗೇ ಕಳುಹಿಸುತ್ತಾರೆ.

ಈಗ ಕತ್ತರಿಯ ವಿಷಯ. 31ನೆಯ ದಿನ ಪುಸ್ತಕ ಕೈಗೆ ಬಂತು. ಕಪ್ಪು ಕ್ಯಾಲಿಕೊ ಬಟ್ಟೆ, ಗಟ್ಟಿ ರಟ್ಟು, ಕೆಂಪು ಗುರುತಿನ ಪಟ್ಟಿ. ತೆರೆದರೆ ಆದಿಕಾಂಡದಲ್ಲೂ ಅಗಲವಾಗಿ ಕೂರುತ್ತದೆ, ಪ್ರಕಟನೆಯಲ್ಲೂ. ಒಳ ಅಂಚಿನ "ರ"ಗಳು ಈಗ ಎಲ್ಲರಿಗೂ ಕಾಣುತ್ತವೆ. ಅಜ್ಜಿಗೆ ಇದು ಇಷ್ಟವಾಗುತ್ತಿತ್ತೋ ಇಲ್ಲವೋ. ಆಮೇಲೆ ಪಕ್ಕಕ್ಕೆ ತಿರುಗಿಸಿದೆ. ಅಂಚು ಹೊಸ ಇಸ್ಪೀಟು ಕಟ್ಟಿನಂತೆ ನುಣುಪಾಗಿತ್ತು. ಎದೆ ಧಸಕ್ಕೆಂದಿತು. ಚಾಚಾ ಊಟಕ್ಕೆ ಹೋಗಿದ್ದಾಗ ಹುಡುಗ ಅಭ್ಯಾಸಬಲದಿಂದ ಮೂರು ಕಡೆಯೂ ಕಟಿಂಗ್ ಯಂತ್ರಕ್ಕೆ ಕೊಟ್ಟಿದ್ದ. ಎರಡು ಮೂರು ಮಿಲಿಮೀಟರ್ ಅಷ್ಟೇ. ಅಯ್ಯನವರುಗಳ ಹೆಸರುಗಳ ಬಾಲ ಹೋಗಿದೆ. "ಉದ್ದ" ಕೆಲವು ಕಡೆ "ಉ" ಆಗಿದೆ. ಅದನ್ನು ಸಹಿಸಬಹುದು. ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವಿನ ಖಾಲಿ ಪುಟದಲ್ಲಿ ಅಜ್ಜಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಬರೆದಿಟ್ಟಿದ್ದರು. ಕೊನೆಯ ಸಾಲು ನನ್ನದು. ಜಾಗ ಸಾಲದೆ ಅಂಚಿನವರೆಗೂ ಎಳೆದಿದ್ದರು. ಈಗ ಅಲ್ಲಿ ಉಳಿದಿರುವುದು: "ದೀಕ್ಷಾಸ್ನಾನ 16.12.200".

ನಾನು ಏನೂ ಮಾತನಾಡಲಿಲ್ಲ, ಪುಟವನ್ನು ತೆರೆದು ಅವರ ಮುಂದೆ ಇಟ್ಟೆ. ಚಾಚಾ ಬಹಳ ಹೊತ್ತು ನೋಡಿದರು. ಹುಡುಗನನ್ನು ಬಯ್ಯಲಿಲ್ಲ, ಅದಕ್ಕೆ ಅವರಿಗೆ ಒಂದು ಅಂಕ. ಯಂತ್ರದ ಕೆಳಗಿನ ಕಾಗದದ ಸಿಬಿರಿನ ಚೀಲವನ್ನು ನೆಲಕ್ಕೆ ಸುರಿದು ಹುಡುಕತೊಡಗಿದರು, ಹುಡುಗನೂ ಕುಳಿತ, ಕೊನೆಗೆ ನಾನೂ ಕುಳಿತೆ. ಹಾಜರಿ ಪುಸ್ತಕಗಳ, ಮದುವೆಯ ಆಮಂತ್ರಣಗಳ, ಯಾರ ಯಾರದೋ ಪ್ರಬಂಧಗಳ ದಾರದಷ್ಟು ಸಣ್ಣ ಪಟ್ಟಿಗಳು. ಮುಕ್ಕಾಲು ಗಂಟೆ. ಸಿಗಲಿಲ್ಲ. ಚಾಚಾ ಬಟ್ಟೆ ಕೊಡವಿಕೊಂಡು ಎದ್ದು, "ನಿಮಗೆ ವರ್ಷ ಗೊತ್ತಿದೆಯಲ್ಲಮ್ಮ, ಒಳಗಡೆ ಸ್ವಲ್ಪ ಜಾಗವಿದೆ, ಬರೆದುಕೊಳ್ಳಿ" ಎಂದು ತಮ್ಮ ಪೆನ್ಸಿಲನ್ನು ನೀಡಿದರು. 100 ರೂಪಾಯಿ ಕಡಿಮೆ ಮಾಡುತ್ತೇನೆಂದೂ ಹೇಳಿದರು. ನಾನು ಪೂರ್ತಿ 850 ಕೊಟ್ಟೆ, ಪೆನ್ಸಿಲ್ ತೆಗೆದುಕೊಳ್ಳಲಿಲ್ಲ. ಇವತ್ತಿನವರೆಗೂ ಆ ಅಂಕಿಯನ್ನು ಬರೆದಿಲ್ಲ. ಅಪ್ಪ ಓದುವಾಗ ಆ ಪುಟ ಬಂದರೆ ಇಬ್ಬರೂ ನೋಡುತ್ತೇವೆ, ಮಗುಚುತ್ತೇವೆ.

ನಾಲ್ಕು ನಕ್ಷತ್ರ. ಕತ್ತರಿಸಿ ಹೋದದ್ದು ಒಂದು ಅಂಕಿ, ನಾನು ಹಿಡಿದುಕೊಂಡದ್ದೂ ಒಂದು ನಕ್ಷತ್ರ.

ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಅವಸರದ ಕೆಲಸವಾದರೆ ಜೂನ್ ತಿಂಗಳು ಬಿಟ್ಟು ಹೋಗಿ, ಆಗ ಶಾಲೆಗಳ ಕೆಲಸದ ರಾಶಿ ಇರುತ್ತದೆ. ಎಂಟು ದಿನ ಎಂದರೆ ಒಂದು ತಿಂಗಳು ಎಂದುಕೊಳ್ಳಿ. ಫೆವಿಕಾಲ್ ಹಚ್ಚಿದ ಪುಸ್ತಕವಾದರೆ ಹಚ್ಚಿದವರನ್ನು ಜೊತೆಗೆ ಕರೆದೊಯ್ಯಬೇಡಿ. ಪುಟಗಳ ನಡುವೆ ಏನಿದ್ದರೂ ಹಾಗೆಯೇ ಬಿಡಿ, ಅವರು ಜೋಪಾನ ಮಾಡುತ್ತಾರೆ. ಮತ್ತು "ಅಂಚು ಕತ್ತರಿಸಬಾರದು" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ದಾರದಿಂದ ಪುಸ್ತಕಕ್ಕೆ ಕಟ್ಟಿ, ಉರ್ದುವಿನಲ್ಲೂ ಬರೆಸಿ, ಚಾಚಾರಿಗಲ್ಲ, ಹುಡುಗನಿಗೆ ತೋರಿಸಿ ಬನ್ನಿ.